ಸುತ್ತೋಲೆ ಸಾಕು, ಸೆಕ್ಷನ್ ಕೊಡಿ: ಗ್ರಾಮ ಪಂಚಾಯಿತಿಗಳ ಕಡೆಯಿಂದ ಶಾಸಕರಿಗೆ ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಅಧಿವೇಶನ ಹತ್ತಿರ ಬಂತೆಂದರೆ ನಿಮ್ಮ ಮೇಜಿನ ಮೇಲೆ ಮನವಿಗಳ ರಾಶಿ ಬೀಳುತ್ತದೆ. ರಸ್ತೆಗೆ ಡಾಂಬರು, ಸಮುದಾಯ ಭವನಕ್ಕೆ ತಾರಸಿ, ಸರ್ಕಲ್ಲಿಗೆ ಹೈಮಾಸ್ಟ್ ದೀಪ. ಈ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಸದಸ್ಯರಾಗಿಯೋ ಸಿಬ್ಬಂದಿಯಾಗಿಯೋ ಕಡತ ಹಿಡಿದವರು ನಾವು. ಕೇಳುತ್ತಿರುವುದು ಅನುದಾನವನ್ನಲ್ಲ, 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮಕ್ಕೆ ಕೆಲವು ತಿದ್ದುಪಡಿಗಳನ್ನು. ಈ ಕೆಲಸ ಜಿಲ್ಲಾಧಿಕಾರಿಯಿಂದಲೂ ಆಗದು, ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಂದಲೂ ಆಗದು. ನಿಮ್ಮಿಂದಷ್ಟೇ ಆಗುವಂಥದ್ದು.

ನಿಮ್ಮಲ್ಲಿ 25 ಮಂದಿಗೆ ಇನ್ನೊಂದು ಮಾತೂ ಹೇಳಬೇಕು. ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಸೇರಿದವು. 2021ರ ಡಿಸೆಂಬರ್‌ನಲ್ಲಿ ಆ ಚುನಾವಣೆ ನಡೆದಾಗ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ ಮುಗಿದುಹೋಗಿತ್ತು. ಹಾಗಾಗಿ ಮತಗಟ್ಟೆಯ ಸಾಲಿನಲ್ಲಿ ನಿಂತವರಲ್ಲಿ ಬಹುಪಾಲು ಜನ ಗ್ರಾಮ ಪಂಚಾಯಿತಿ ಸದಸ್ಯರೇ. ಪಕ್ಷ ಯಾವುದಾದರೂ ಇರಲಿ, ಪಂಚಾಯಿತಿಯ ಪರವಾಗಿ ಮೊದಲು ಎದ್ದು ನಿಲ್ಲಬೇಕಾದವರು ನೀವು.

ವಿಷಯಕ್ಕೆ ಬರೋಣ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿಯಿದೆ. ಆದರೆ 243ಜಿ ವಿಧಿಯನ್ನು ಗಮನವಿಟ್ಟು ಓದಿ: ಪಂಚಾಯಿತಿಗಳಿಗೆ ಅಧಿಕಾರವನ್ನು ರಾಜ್ಯ ವಿಧಾನಮಂಡಲ ಕಾನೂನಿನ ಮೂಲಕ ಕೊಡ'ಬಹುದು' ಎಂದಿದೆ, ಕೊಡಲೇಬೇಕು ಎಂದಿಲ್ಲ. ಪಂಚಾಯಿತಿಯ ಕೈಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದೆಲ್ಲ ನೀವು ಬರೆಯುವ ಸೆಕ್ಷನ್ನಿನ ಮೇಲೆ ನಿಂತಿದೆ. ಸೆಕ್ಷನ್ ಸುಮ್ಮನಿದ್ದ ಕಡೆ ಇಲಾಖೆಯ ಸುತ್ತೋಲೆ ಮಾತಾಡುತ್ತದೆ. ಕೆ.ಆರ್. ರಮೇಶ್ ಕುಮಾರ್ ಅಧ್ಯಕ್ಷತೆಯ ಸಮಿತಿಯ ವರದಿ ಆಧರಿಸಿ 2015ರಲ್ಲಿ ದೊಡ್ಡ ತಿದ್ದುಪಡಿಯೇ ಆಯಿತು, ಅಧಿನಿಯಮದ ಹೆಸರಿಗೆ 'ಗ್ರಾಮ ಸ್ವರಾಜ್' ಸೇರಿತು. ಟಪಾಲಿನಲ್ಲಿ ಬಂದು ಬೀಳುವ ಕಾಗದಗಳ ಧಾಟಿ ಮಾತ್ರ ಬದಲಾಗಲಿಲ್ಲ. ಸುತ್ತೋಲೆ ಸಾಲದೆಂಬಂತೆ ಈಗ ತಂತ್ರಾಂಶವೂ ಇದೆ. ಗ್ರಾಮ ಸಭೆ ಒಪ್ಪಿದ ಕಾಮಗಾರಿಯ ಹೆಸರು ಪರದೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ನಿರ್ಣಯ ನಡಾವಳಿ ಪುಸ್ತಕದಲ್ಲೇ ಉಳಿಯುತ್ತದೆ. ಯಾರು ತಡೆದರು ಎಂದು ಕೇಳಿದರೆ 'ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ' ಎಂಬ ಉತ್ತರ.

ಮೊದಲು ಕರೆಂಟ್ ಬಿಲ್ಲಿನ ವಿಷಯ. ಪಂಚಾಯಿತಿಯ ಹಣ ಸದ್ದಿಲ್ಲದೆ ಸೋರುವುದು ಇಲ್ಲೇ.

ಗ್ರಾಮ ಪಂಚಾಯಿತಿಗೆ ಎರಡು ಬಗೆಯ ವಿದ್ಯುತ್ ಬಿಲ್ ಬರುತ್ತದೆ: ಕುಡಿಯುವ ನೀರಿನ ಪಂಪುಗಳದ್ದು, ಬೀದಿ ದೀಪಗಳದ್ದು. ಬಾಕಿ ಬೆಳೆದಾಗ ಶಾಸನಬದ್ಧ ಅನುದಾನದಲ್ಲೇ ಕಡಿತವಾಗುತ್ತದೆ. ಪಂಚಾಯಿತಿಯ ಖಾತೆಗೆ ಹಣ ತಲುಪುವ ಮೊದಲೇ ಎಸ್ಕಾಂಗೆ, ಅಂದರೆ ವಿದ್ಯುತ್ ಸರಬರಾಜು ಕಂಪನಿಗೆ, ಹೋಗಿರುತ್ತದೆ. ಬಿಲ್ ಸರಿಯೋ ತಪ್ಪೋ ನೋಡುವ ಅವಕಾಶವೇ ಪಂಚಾಯಿತಿಗೆ ಇಲ್ಲ. ತಪ್ಪು ಹುಟ್ಟುವುದು ಹೇಗೆಂದು ನೋಡಿ.

ಬೀದಿ ದೀಪಕ್ಕೆ ಬೇರೆಯದೇ ತಂತಿ ಎಳೆದಿಲ್ಲದ ಊರುಗಳಲ್ಲಿ ಬಲ್ಬನ್ನು ನೇರವಾಗಿ ಕಂಬದ ಫೇಸ್ ತಂತಿಗೆ ಸಿಕ್ಕಿಸಿರುತ್ತಾರೆ. ಆರಿಸಲು ಸ್ವಿಚ್ಚೇ ಇಲ್ಲ, ಹಗಲೂ ರಾತ್ರಿ ಉರಿಯುತ್ತದೆ. 20 ವ್ಯಾಟ್‌ನ 300 ಎಲ್ಇಡಿ ದೀಪ ಎಂದರೆ 6 ಕಿಲೋವ್ಯಾಟ್. ಹಗಲಿನ 12 ಗಂಟೆ ಸುಮ್ಮನೆ ಉರಿದರೆ ದಿನಕ್ಕೆ 72 ಯೂನಿಟ್, ತಿಂಗಳಿಗೆ 2,160 ಯೂನಿಟ್ ದಂಡ. ಮೀಟರ್ ಇಲ್ಲದ ಕಡೆ ಬಿಲ್ಲನ್ನು ದೀಪದ ಎಣಿಕೆ, ವ್ಯಾಟ್, ಗಂಟೆ ಗುಣಿಸಿ ಹಾಕುತ್ತಾರೆ. ಪಂಚಾಯಿತಿ ಸೋಡಿಯಂ ದೀಪ ತೆಗೆದು ಎಲ್ಇಡಿ ಹಾಕಿದರೂ ಎಸ್ಕಾಂ ದಾಖಲೆಯಲ್ಲಿ ಹಳೆಯ 150 ವ್ಯಾಟೇ ಉಳಿದಿದ್ದರೆ ಉಳಿತಾಯ ಕಾಗದಕ್ಕೆ ಬರುವುದೇ ಇಲ್ಲ.

ಪಂಪಿನ ಕಥೆ ಇನ್ನೂ ವಿಚಿತ್ರ. ಕೊಳವೆಬಾವಿ ಬತ್ತುತ್ತದೆ, ಮೋಟರ್ ಎತ್ತಿ ಹೊಸ ಬಾವಿಗೆ ಇಳಿಸುತ್ತಾರೆ, ಹೊಸ ಬಾವಿಗೆ ಹೊಸ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಪಡೆಯುತ್ತಾರೆ. ಹಳೆಯ ನಂಬರನ್ನು ರದ್ದು ಮಾಡಿಸುವವರಿಲ್ಲ. ಅಶ್ವಶಕ್ತಿಯ ಲೆಕ್ಕದ ನಿಗದಿತ ಶುಲ್ಕ, ಅದರ ಮೇಲೆ ಬಡ್ಡಿ, ತಿಂಗಳು ತಿಂಗಳೂ ಏರುತ್ತ ಹೋಗುತ್ತದೆ. ರದ್ದು ಮಾಡಿಸಲು ಹೊರಟರೆ ಪಂಚಾಯಿತಿ ನಿರ್ಣಯ, ಉಪವಿಭಾಗದ ಕಚೇರಿಗೆ ಅರ್ಜಿ, ಕೊನೆಯ ರೀಡಿಂಗ್, ಇಷ್ಟರ ಮೇಲೆ ಬಾಕಿ ಚುಕ್ತಾ ಆಗಬೇಕು. ಬಾಕಿಯ ಮೊತ್ತವೇ ತಕರಾರಿನಲ್ಲಿದೆ, ಆದ್ದರಿಂದ ಚುಕ್ತಾ ಆಗುವುದಿಲ್ಲ. ಚುಕ್ತಾ ಆಗದ್ದರಿಂದ ನಂಬರ್ ರದ್ದಾಗುವುದಿಲ್ಲ, ರದ್ದಾಗದ್ದರಿಂದ ಬಾಕಿ ಮತ್ತೆ ಬೆಳೆಯುತ್ತದೆ. ನೀರಿಲ್ಲದ ಬಾವಿ ಕರೆಂಟ್ ಕುಡಿಯುವುದು ಹೀಗೆ.

ವಿದ್ಯುತ್ ದರ ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಎಂಬುದು ನಮಗೂ ಗೊತ್ತು. ದರ ಇಳಿಸಿ ಎಂದು ನಾವು ಕೇಳುತ್ತಿಲ್ಲ. ತಾಳೆ ನೋಡದೆ ಕಡಿತ ಬೇಡ ಎನ್ನುತ್ತಿದ್ದೇವೆ. ಪ್ರತಿ ಆರ್‌ಆರ್ ನಂಬರಿಗೂ ಪಂಚಾಯಿತಿ ಮತ್ತು ಎಸ್ಕಾಂ ಇಬ್ಬರೂ ಸ್ಥಳಕ್ಕೆ ಹೋಗಿ ಜಂಟಿ ಪಟ್ಟಿ ಮಾಡಿ ಸಹಿ ಹಾಕಬೇಕು. ಬಾವಿ ಇದೆಯೋ, ಮೋಟರ್ ಎಷ್ಟು ಅಶ್ವಶಕ್ತಿಯದು, ಮೀಟರ್ ಓಡುತ್ತಿದೆಯೋ, ದೀಪ ಎಷ್ಟು, ವ್ಯಾಟ್ ಎಷ್ಟು ಎಂಬಷ್ಟು ಆ ಪಟ್ಟಿಯಲ್ಲಿದ್ದರೆ ಸಾಕು. ಪಟ್ಟಿ ಆಗುವ ತನಕ ತಕರಾರಿನ ಮೊತ್ತಕ್ಕೆ ಬಡ್ಡಿ ನಿಲ್ಲಬೇಕು. ಇದನ್ನು ಸುತ್ತೋಲೆಯಲ್ಲಿ ಹೇಳಿದರೆ ಇನ್ನೊಂದು ಇಲಾಖೆಗೆ ಸೇರಿದ ಎಸ್ಕಾಂ ಅದನ್ನು ಪಾಲಿಸಬೇಕಿಲ್ಲ. ಅಧಿನಿಯಮದಲ್ಲಿದ್ದರೆ ಪಾಲಿಸಲೇಬೇಕು.

ಎರಡನೆಯದು ಲೇಔಟ್. ಬೆಂಗಳೂರಿನ ಸುತ್ತಮುತ್ತ ಮಾತ್ರವಲ್ಲ, ಜಿಲ್ಲಾ ಕೇಂದ್ರಗಳ ಅಂಚಿನ ಪಂಚಾಯಿತಿಗಳಲ್ಲೆಲ್ಲ ಇದೇ ತಲೆನೋವು. ನಕ್ಷೆಗೆ ಮಂಜೂರಾತಿ ಕೊಡುವುದು ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ. ಸೈಟು ಮಾರುವುದು ಖಾಸಗಿಯವರು. ನೋಂದಣಿ ಶುಲ್ಕ ರಾಜ್ಯದ ಬೊಕ್ಕಸಕ್ಕೆ. ಚರಂಡಿ ಕಟ್ಟಿಕೊಂಡ ದಿನ ಜನ ಬಂದು ಬಾಗಿಲು ತಟ್ಟುವುದು ಪಂಚಾಯಿತಿಯದ್ದು.

ಇಲ್ಲಿ ಕೈತಪ್ಪುವುದು ಒಂದೇ ಒಂದು ಕಾಗದ. ಲೇಔಟಿನ ರಸ್ತೆ, ಉದ್ಯಾನ, ಸಿಎ (ನಾಗರಿಕ ಸೌಲಭ್ಯದ) ನಿವೇಶನಗಳನ್ನು ಮಾಲೀಕರು ಹಕ್ಕು ಬಿಟ್ಟುಕೊಡುವ ಪತ್ರ ಮಾಡಿ, ಅದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಮಾತ್ರಕ್ಕೆ ಉದ್ಯಾನ ಪಂಚಾಯಿತಿಯದಾಗುವುದಿಲ್ಲ. ಪತ್ರ ನೋಂದಣಿಯಾಗದಿದ್ದರೆ ಪಹಣಿಯಲ್ಲಿ ಮೂಲ ಮಾಲೀಕರ ಹೆಸರೇ ಉಳಿಯುತ್ತದೆ. ಹತ್ತು ವರ್ಷ ಬಿಟ್ಟು ವಾರಸುದಾರರು ಬಂದು ಅದೇ ಉದ್ಯಾನವನ್ನು ನಾಲ್ಕು ಸೈಟು ಮಾಡಿ ಮಾರುತ್ತಾರೆ. ಕೋರ್ಟಿಗೆ ಹೋದ ಪಂಚಾಯಿತಿಯ ಕೈಯಲ್ಲಿ ದಾಖಲೆ ಎಂದರೆ ನಕ್ಷೆಯ ಜೆರಾಕ್ಸ್ ಒಂದೇ.

ಇದಕ್ಕೆ ಬೇಕಾದ್ದು ಅನುಕ್ರಮದ ನಿಯಮ, ಅಷ್ಟೇ. ಪಂಚಾಯಿತಿ ಆಸ್ತಿಗಳ ತಂತ್ರಾಂಶವಾದ ಇ-ಸ್ವತ್ತುವಿನಲ್ಲಿ ಲೇಔಟಿನ ಮೊದಲ ಖಾತೆಗಳು ರಸ್ತೆ, ಉದ್ಯಾನ, ಸಿಎ ನಿವೇಶನಗಳದ್ದೇ ಆಗಬೇಕು, ಪಂಚಾಯಿತಿಯ ಹೆಸರಿನಲ್ಲಿ. ಆಮೇಲೆಯೇ ಮಾರಾಟದ ಸೈಟುಗಳಿಗೆ ನಮೂನೆ 9 ಮತ್ತು 11ಎ ಎಂಬ ಖಾತೆ ದಾಖಲೆಗಳು. ಒಳಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಆಗಲೇ ನೋಡಬೇಕು. ಶುದ್ಧೀಕರಣ ಘಟಕ ನಕ್ಷೆಯಲ್ಲಿರುತ್ತದೆ, ನೆಲದ ಮೇಲೆ ಗುಂಡಿಯಿರುತ್ತದೆ, ಗುಂಡಿ ತುಂಬಿದರೆ ರಾಜಕಾಲುವೆ, ಅಲ್ಲಿಂದ ಕೆರೆ. ಅನಧಿಕೃತ ಸ್ವತ್ತುಗಳನ್ನೂ ಕರದ ಲೆಕ್ಕಕ್ಕೆ ತರಲು ನೀವು 2025ರಲ್ಲಿ ತಿದ್ದುಪಡಿ ಮಾಡಿದಿರಿ. ಕರ ಕೊಡದೆ ಕೂತಿದ್ದ ಮನೆಗಳು ಪಟ್ಟಿಗೆ ಬರುವುದು ಒಳ್ಳೆಯದೇ. ಆದರೆ ನಿನ್ನೆಯ ತಪ್ಪಿಗೆ ನಮೂನೆ 11ಬಿ ಕೊಡುವ ಕಾನೂನಿನ ಪಕ್ಕದಲ್ಲೇ ನಾಳೆಯ ತಪ್ಪು ತಡೆಯುವ ಸೆಕ್ಷನ್ ಇಲ್ಲದಿದ್ದರೆ, ಇನ್ನು ಕೆಲವು ವರ್ಷಕ್ಕೆ ಇದೇ ತಿದ್ದುಪಡಿಯನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಕರದ ಮಾತು ಬಂತು. ಮನೆಯೊಂದರ ಕಂದಾಯ 1,000 ರೂಪಾಯಿ ಎಂದುಕೊಳ್ಳಿ. ಅದರ ಮೇಲೆ ಆರೋಗ್ಯ ಉಪಕರ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3. ರಸೀದಿಯಲ್ಲಿ 1,340 ಎಂದು ಬರುತ್ತದೆ. ಬೈಸಿಕೊಳ್ಳುವುದು 1,340ಕ್ಕೆ, ಪಂಚಾಯಿತಿಯ ಕರವೆಂದು ಉಳಿಯುವುದು 1,000. ಬಿಲ್ ಕಲೆಕ್ಟರ್ ಮನೆಮನೆ ಅಲೆದು ಬೇಡಿಕೆ, ವಸೂಲಿ, ಬಾಕಿ ಪಟ್ಟಿ ಸಿದ್ಧಮಾಡುವಾಗ ಉಪಕರದ ಬಾಕಿಯೂ ಪಂಚಾಯಿತಿಯ ಸಾಲದಂತೆ ಕೂತಿರುತ್ತದೆ. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವು ಅರಿವು ಕೇಂದ್ರಗಳು. ಹಾಗಿರುವಾಗ ಗ್ರಂಥಾಲಯ ಉಪಕರ ಅದೇ ಪಂಚಾಯಿತಿಯ ಅರಿವು ಕೇಂದ್ರಕ್ಕೇ ಖರ್ಚಾಗಬೇಕು ಎಂಬುದು ಆದೇಶದ ಮರ್ಜಿಗೆ ಬಿಟ್ಟ ಸಂಗತಿ ಆಗಬಾರದು. 1965ರ ಗ್ರಂಥಾಲಯ ಅಧಿನಿಯಮದಲ್ಲೇ ಬರೆಯಿರಿ. ಆರೋಗ್ಯ ಉಪಕರದ ಒಂದು ಪಾಲು ಅಲ್ಲಿನ ಉಪಕೇಂದ್ರದ ಬಾಗಿಲು, ಶೌಚಾಲಯ, ನೀರಿನ ಟ್ಯಾಂಕಿಗೆ ಉಳಿಯಲಿ. ಜನ ಕರ ಕೊಟ್ಟಿದ್ದು ಕಣ್ಣಿಗೆ ಕಂಡರೆ ಮುಂದಿನ ವರ್ಷದ ವಸೂಲಿ ಸಲೀಸು.

ಇನ್ನು ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು. ಇವುಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡನ್ನೂ ಪ್ರಕಟಿಸಿದ ಮೇಲೆ ಅದೇ ವರ್ಷ ಅಧಿನಿಯಮಕ್ಕೆ ತಿದ್ದುಪಡಿ ತಂದು ಆ ಕೆಲಸವನ್ನು ಬೇರೆ ಆಯೋಗಕ್ಕೆ ಒಪ್ಪಿಸಲಾಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾರಭಾರು. 243ಇ ವಿಧಿಯಲ್ಲಿ ಗೊಂದಲವೇನೂ ಇಲ್ಲ: ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸಲೇಬೇಕೆಂದು ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಕ್ಷೇತ್ರ ಪುನರ್‌ವಿಂಗಡಣೆಯಾಗಲಿ, ಹಿಂದುಳಿದ ವರ್ಗಗಳ ಮೀಸಲಾತಿಗೆ ಬೇಕಾದ ಮೂರು ಹಂತದ ಪರಿಶೀಲನೆಯಾಗಲಿ ನೆಪವಾಗಬಾರದೆಂದು 2022ರಲ್ಲಿ ಸುರೇಶ್ ಮಹಾಜನ್ ಪ್ರಕರಣದಲ್ಲಿ ಮತ್ತೆ ಹೇಳಿತು.

ಇದರ ಪೆಟ್ಟು ದುಡ್ಡಿನ ಮೇಲೂ ಬೀಳುತ್ತದೆ. 15ನೇ ಹಣಕಾಸು ಆಯೋಗದ ಅನುದಾನವನ್ನು ರಾಜ್ಯದಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 85:10:5ರ ಪ್ರಮಾಣದಲ್ಲಿ ಹಂಚಲಾಯಿತು. ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಅನುದಾನವಿಲ್ಲ ಎಂಬುದು ಅದರ ಷರತ್ತು. ಅಂದರೆ ಮೇಲಿನ ಎರಡು ಹಂತಗಳ ಪಾಲು ಚುನಾವಣೆಯ ಜೊತೆಯಲ್ಲೇ ನಿಂತಿತು. ಮುದ್ರಾಂಕ ಶುಲ್ಕದ ಸರ್‌ಚಾರ್ಜ್ ನೋಡಿ. ಗ್ರಾಮೀಣ ಪ್ರದೇಶದಲ್ಲಿ 50 ಲಕ್ಷದ ಆಸ್ತಿ ಮಾರಾಟವಾದರೆ ಶೇ 5ರಂತೆ ಮುದ್ರಾಂಕ ಶುಲ್ಕ 2,50,000 ರೂಪಾಯಿ, ಅದರ ಮೇಲೆ ಶೇ 3 ಸರ್‌ಚಾರ್ಜ್ 7,500. ಈ ಸರ್‌ಚಾರ್ಜ್ ತಾಲ್ಲೂಕು ಪಂಚಾಯಿತಿಗಳಿಗೆ ಸೇರಬೇಕೆಂದು ನಿಮ್ಮದೇ ಅಧಿನಿಯಮ ಹೇಳುತ್ತದೆ. ಅದನ್ನು ಯಾವ ಹಳ್ಳಿಗೆ ಹೇಗೆ ಖರ್ಚು ಮಾಡಿದಿರಿ ಎಂದು ಕೇಳಲು ತಾಲ್ಲೂಕು ಪಂಚಾಯಿತಿಯಲ್ಲಿ ಒಬ್ಬ ಸದಸ್ಯನಾದರೂ ಕೂತಿರಬೇಡವೇ? ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇವೆ. ತಾಲ್ಲೂಕಿನಲ್ಲಿ ಚುನಾಯಿತ ಸದಸ್ಯರಿಲ್ಲದಾಗ ಎಲ್ಲ ಅರ್ಜಿಗಳೂ ಶಾಸಕರ ಮನೆಗೇ ಬರುತ್ತವೆ. ಕೆಲವರಿಗೆ ಇದು ಹಿತವಾಗಿಯೂ ಇರಬಹುದು. ಚರಂಡಿ, ಪಡಿತರ, ಮೋಟರ್ ರಿಪೇರಿಯಲ್ಲಿ ನಿಮ್ಮ ಹೊತ್ತೆಲ್ಲ ಕಳೆದುಹೋದರೆ ಕಾನೂನು ಓದುವುದು ಯಾವಾಗ?

ತಿದ್ದುಪಡಿ ಹೀಗಿರಲಿ: ಅವಧಿ ಮುಗಿಯುವುದಕ್ಕೆ 180 ದಿನ ಮೊದಲು ಸರ್ಕಾರ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಮಾಹಿತಿಯನ್ನು ಚುನಾವಣಾ ಆಯೋಗಕ್ಕೆ ಕೊಡಬೇಕು. ಕೊಡದಿದ್ದರೆ ಆಯೋಗ ಹಿಂದಿನ ಕ್ಷೇತ್ರಗಳನ್ನೇ ಇಟ್ಟುಕೊಂಡು, ಮೀಸಲಾತಿಯ ಆವರ್ತನವನ್ನು ತಾನೇ ಮಾಡಿ ಚುನಾವಣೆ ಘೋಷಿಸಬೇಕು. ಆಡಳಿತಾಧಿಕಾರಿಯ ನೇಮಕಕ್ಕೆ ಆರು ತಿಂಗಳ ಮಿತಿ, ವಿಸ್ತರಣೆ ಇಲ್ಲ. ಇವತ್ತು ಎರಡು ಹಂತಗಳಿಗೆ ಆಗಬಹುದಾದದ್ದು ನಾಳೆ ಮೂರೂ ಹಂತಗಳಿಗೆ ಆಗಬಹುದು.

ನೀರಿನ ಬಗ್ಗೆ ಚಿಕ್ಕದಾಗಿ. ಜಲ ಜೀವನ ಮಿಷನ್‌ನ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಕಾಮಗಾರಿ ಮುಗಿಯಿತೆಂದು ಪಂಚಾಯಿತಿಗೆ ಹಸ್ತಾಂತರಿಸುವ ದಿನ ನಲ್ಲಿಯಲ್ಲಿ ನೀರು ಬರುತ್ತದೆ, ಅನುಮಾನವಿಲ್ಲ, ಏಕೆಂದರೆ ಆ ದಿನ ಒಂದೇ ಕೇರಿಗೆ ಬಿಟ್ಟಿರುತ್ತಾರೆ. ಎಲ್ಲ ಕೇರಿಗೂ ಒಟ್ಟಿಗೆ ಬಿಟ್ಟಾಗ ತಗ್ಗಿನ ಮನೆಗಳಲ್ಲಿ ಬಿಂದಿಗೆ ತುಂಬಿ ಚೆಲ್ಲುತ್ತದೆ, ಏರಿನ ಕೊನೆಯ ಮನೆಯಲ್ಲಿ ಗಾಳಿ ಬರುತ್ತದೆ. ವಾಲ್ವ್ ಎಲ್ಲಿ ಹೂತಿದೆ ಎಂಬ ನಕ್ಷೆ ನೀರುಗಂಟಿಯ ಕೈಯಲ್ಲಿರುವುದಿಲ್ಲ, ಗುತ್ತಿಗೆದಾರರ ಮೇಸ್ತ್ರಿಯ ತಲೆಯಲ್ಲಿರುತ್ತದೆ, ಮೇಸ್ತ್ರಿ ಬೇರೆ ಜಿಲ್ಲೆಗೆ ಹೋಗಿರುತ್ತಾನೆ. ಆದ್ದರಿಂದ ಮಾರ್ಚ್‌ನಿಂದ ಮೇವರೆಗಿನ ಒಂದು ಇಡೀ ಬೇಸಿಗೆ ಯೋಜನೆ ಓಡಿ, ಕೊನೆಯ ಮನೆಯ ನಲ್ಲಿಯಲ್ಲಿ ಅಳತೆ ಮಾಡಿ, ಪೈಪು ಮತ್ತು ವಾಲ್ವ್‌ಗಳ ನಕ್ಷೆ ಕೈಸೇರಿ, ಅಗೆದ ರಸ್ತೆ ಮುಚ್ಚಿದ ಮೇಲೆಯೇ ಹಸ್ತಾಂತರ. ಅದೂ ಪಂಚಾಯಿತಿಯ ಸಾಮಾನ್ಯ ಸಭೆಯ ನಿರ್ಣಯದಿಂದ ಮಾತ್ರ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಬ್ಬರ ಸಹಿಯಿಂದಲ್ಲ.

ಕಸದ ವಿಷಯದಲ್ಲಿ ಕೇಳುವುದು ಇನ್ನೂ ಸಣ್ಣದು. ಕಸದ ಗಾಡಿ 'ಸ್ವಚ್ಛ ವಾಹಿನಿ' ಓಡಿಸುವುದು, ಒಣ ಕಸ ವಿಂಗಡಿಸುವುದು ಸ್ವಸಹಾಯ ಸಂಘಗಳ ಮಹಿಳೆಯರಿಂದ ಹಲವು ಕಡೆ ಚೆನ್ನಾಗಿಯೇ ನಡೆದಿದೆ. ರಟ್ಟು, ಗಾಜು, ಗಟ್ಟಿ ಪ್ಲಾಸ್ಟಿಕ್ಕಿಗೆ ಕೊಳ್ಳುವವರಿದ್ದಾರೆ. ಚಿಪ್ಸ್ ಪ್ಯಾಕೆಟ್ಟಿನಂಥ ಪದರ ಪ್ಲಾಸ್ಟಿಕ್ಕಿಗೆ ಇಲ್ಲ, ಶೆಡ್ ತುಂಬುವುದು ಅದರಿಂದಲೇ. ಒಂದೊಂದು ಪಂಚಾಯಿತಿಯ ರಾಶಿ ಲಾರಿಗೆ ಸಾಲದು, ಹತ್ತಿಪ್ಪತ್ತು ಸೇರಿದರೆ ಸಾಗಣೆ ಗಿಟ್ಟುತ್ತದೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿರುವ ಒಣ ಕಸದ ಘಟಕ ಅನೇಕ ಪಂಚಾಯಿತಿಗಳ ಕಸ ತೆಗೆದುಕೊಳ್ಳುವ ಲೆಕ್ಕದಲ್ಲೇ ಕಟ್ಟಿದ್ದು. ಪಂಚಾಯಿತಿಗಳು ಒಟ್ಟಾಗಿ ಬ್ಯಾಂಕ್ ಖಾತೆ ತೆರೆದು, ಟೆಂಡರ್ ಕರೆದು, ನೌಕರರನ್ನು ಇಟ್ಟುಕೊಳ್ಳಲು, ನಷ್ಟವಾದರೆ ಪಾಲು ಹೇಗೆಂದು ಬರೆದುಕೊಳ್ಳಲು ಅಧಿನಿಯಮದಲ್ಲಿ ಸ್ಪಷ್ಟವಾದ ಒಂದು ಅಧ್ಯಾಯ ಬೇಕು.

ಇದನ್ನೆಲ್ಲ ಸದನದಲ್ಲಿ ಎತ್ತುವ ಬಗೆ ನಿಮಗೆ ನಾವು ಹೇಳಿಕೊಡಬೇಕಿಲ್ಲ. ಆದರೂ ನಮ್ಮ ಲೆಕ್ಕಾಚಾರ ಇಷ್ಟು. ಲೇಔಟ್ ಮತ್ತು ಚುನಾವಣೆಯ ತಿದ್ದುಪಡಿಗಳಿಗೆ ಬೊಕ್ಕಸದಿಂದ ಹೊಸ ಖರ್ಚಿಲ್ಲ, ಖಾಸಗಿ ಸದಸ್ಯರ ಮಸೂದೆಯಾಗಿಯೂ ಮಂಡಿಸಬಹುದು. ಸಂಚಿತ ನಿಧಿಯಿಂದ ವೆಚ್ಚ ತರುವ ಮಸೂದೆಗೆ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕು, ಆದ್ದರಿಂದ ಉಪಕರದ ತಿದ್ದುಪಡಿಯನ್ನು ಸರ್ಕಾರವೇ ತರುವಂತೆ ಒತ್ತಾಯಿಸಿ. ಅಧಿನಿಯಮವನ್ನು ಮೀರಿದ ನಿಯಮಗಳಿದ್ದರೆ ಅಧೀನ ಶಾಸನ ರಚನಾ ಸಮಿತಿ ಇದೆ. ಕರೆಂಟ್ ಬಿಲ್ಲಿನ ತಾಳೆಯ ವಿಷಯವನ್ನು ಸ್ಥಳೀಯ ಸಂಸ್ಥೆಗಳ ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿಯಲ್ಲಿ ಎತ್ತಿದರೆ ಎರಡೂ ಇಲಾಖೆಯವರನ್ನು ಒಂದೇ ಮೇಜಿಗೆ ಕರೆಯಬಹುದು. ಅದಕ್ಕೆ ಮೊದಲು ಒಂದು ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಉತ್ತರಿಸಬೇಕಾದ್ದು) ಹಾಕಿ: ನಿಮ್ಮ ಕ್ಷೇತ್ರದ ಪ್ರತಿ ಗ್ರಾಮ ಪಂಚಾಯಿತಿಯ ಹೆಸರಿನಲ್ಲಿ ಎಷ್ಟು ಆರ್‌ಆರ್ ನಂಬರ್‌ಗಳಿವೆ, ಅವುಗಳಲ್ಲಿ ಒಂದು ವರ್ಷದಿಂದ ಒಂದು ಯೂನಿಟ್ಟೂ ಓಡದವು ಎಷ್ಟು, ಅವುಗಳ ಬಾಕಿ ಎಷ್ಟು? ಉತ್ತರ ಬಂದ ದಿನ ಮಸೂದೆಯ ಅರ್ಧ ಕೆಲಸ ಆದಂತೆ.

ಒಂದೇ ಅಧಿವೇಶನದಲ್ಲಿ ಎಲ್ಲವೂ ಆಗದು. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾವು ಲೇಔಟಿನದ್ದನ್ನು ಹೇಳುತ್ತೇವೆ. ಬಿಲ್ ಬಾಕಿಯನ್ನು ಎಂದಾದರೂ ತೀರಿಸಬಹುದು, ತಡವಾದ ಚುನಾವಣೆಯನ್ನು ಎಂದಾದರೂ ನಡೆಸಬಹುದು, ಕೈಬಿಟ್ಟ ಉದ್ಯಾನದ ಮೇಲೆ ಮನೆ ಎದ್ದರೆ ಅದು ಮರಳಿ ಬರುವುದಿಲ್ಲ. ಮಸೂದೆಗೆ ಬೇಕಾದ ಒಕ್ಕಣೆಯ ಕರಡನ್ನೂ ಕೆಳಗೆ ಬರೆದಿದ್ದೇವೆ. ಕಾನೂನು ಇಲಾಖೆಯವರು ತಿದ್ದಲಿ.

"ತತ್ಕಾಲದಲ್ಲಿ ಜಾರಿಯಲ್ಲಿರುವ ಇತರ ಯಾವುದೇ ಕಾನೂನಿನಲ್ಲಿ ಏನೇ ಒಳಗೊಂಡಿದ್ದರೂ, ಗ್ರಾಮ ಪಂಚಾಯಿತಿಯ ವ್ಯಾಪ್ತಿಯೊಳಗಿನ ಯಾವುದೇ ಬಡಾವಣೆಯ ರಸ್ತೆ, ಉದ್ಯಾನ, ಬಯಲು ಜಾಗ ಮತ್ತು ನಾಗರಿಕ ಸೌಲಭ್ಯದ ನಿವೇಶನಗಳನ್ನು ನೋಂದಾಯಿತ ಪತ್ರದ ಮೂಲಕ ಗ್ರಾಮ ಪಂಚಾಯಿತಿಗೆ ಬಿಟ್ಟುಕೊಟ್ಟು, ಅವುಗಳನ್ನು ಗ್ರಾಮ ಪಂಚಾಯಿತಿಯ ಹೆಸರಿನಲ್ಲಿ ಸ್ವತ್ತಿನ ವಹಿಯಲ್ಲಿ ದಾಖಲಿಸಿದ ಹೊರತು, ಆ ಬಡಾವಣೆಯ ಯಾವುದೇ ಇತರ ನಿವೇಶನವನ್ನು ಸದರಿ ವಹಿಯಲ್ಲಿ ದಾಖಲಿಸತಕ್ಕದ್ದಲ್ಲ."

ಇತಿ,
ಗ್ರಾಮ ಪಂಚಾಯಿತಿಗಳ ಸದಸ್ಯರು, ಮಾಜಿ ಸದಸ್ಯರು ಮತ್ತು ಸಿಬ್ಬಂದಿ